ನಾಲ್ಕು ಕಾರ್ಟ್ರಿಜ್ ಮತ್ತು ಒಂದು ಬೀದಿಯ ನಿದ್ದೆ

ಜನನ ಮರಣ ನೋಂದಣಿ ಕಚೇರಿಯ ಎರಡನೇ ಗುಮಾಸ್ತರಿಗೆ ಅವರ ತಂದೆತಾಯಿ ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಆದರೆ ಹಾಜರಿ ಪುಸ್ತಕವೊಂದನ್ನು ಬಿಟ್ಟರೆ ಆ ಹೆಸರು ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಕಚೇರಿಯಲ್ಲೂ ಬೀದಿಯಲ್ಲೂ ಅವರು ಗೊತ್ತಪ್ಪನವರು. ಯಾರು ಏನು ಹೇಳಲು ಬಾಯಿ ತೆರೆದರೂ ಅರ್ಧಕ್ಕೇ "ಗೊತ್ತು, ಗೊತ್ತು" ಎಂದು ತಲೆಯಾಡಿಸುವುದು ಅವರ ಅಭ್ಯಾಸ. ಒಮ್ಮೆ ಹಲ್ಲಿನ ಡಾಕ್ಟರು "ಇದು ಸ್ವಲ್ಪ ನೋಯುತ್ತೆ" ಎಂದಾಗ ಬಾಯಲ್ಲಿ ಇಕ್ಕಳವಿದ್ದರೂ "ಗೊಗ್ಗು, ಗೊಗ್ಗು" ಎಂದಿದ್ದರಂತೆ.

ಅವರು ಸುಳ್ಳುಗಾರರೆಂದು ಯಾರೂ ತಿಳಿಯಬಾರದು. "ಗೊತ್ತಿಲ್ಲ" ಎಂಬ ಮಾತು ಅವರಲ್ಲೂ ಹುಟ್ಟುತ್ತಿತ್ತು. ಗಂಟಲವರೆಗೆ ಬರುತ್ತಿತ್ತು. ಅಲ್ಲಿ ಒಂದು ಗಳಿಗೆ ನಿಂತು, ಹೊರಗಿನ ಜನರನ್ನು ನೋಡಿ ನಾಚಿಕೊಂಡು, ಬಂದ ದಾರಿಯಲ್ಲೇ ಹಿಂದಿರುಗುತ್ತಿತ್ತು. ಅಷ್ಟೇ.

ಆ ವರ್ಷ ಕಚೇರಿಯ ಚಾವಣಿ ಸೋರತೊಡಗಿತು. ಮೊದಲು ಮರಣದ ಕಪಾಟಿನ ಮೇಲೆ ಸೋರಿದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಜನನದ ಕಪಾಟಿಗೂ ಹನಿ ಬಿದ್ದಾಗ ಮೇಲಿನವರು ಬಂದು ನೋಡಿ, ರಿಪೇರಿಗೆ ನಾಲ್ಕು ತಿಂಗಳು ಬೇಕೆಂದರು. ಅಲ್ಲಿಯವರೆಗೆ ಕಚೇರಿ ಒಂದು ಹಳೆಯ ಶಾಲೆಯ ಎರಡು ಕೋಣೆಗಳಿಗೆ ಹೋಗಬೇಕು. ಬೆಳಿಗ್ಗೆ ಎಂಟರಿಂದ ಒಂದರವರೆಗೆ ಅರ್ಜಿ ತೆಗೆದುಕೊಳ್ಳುವುದಷ್ಟೇ ಕೆಲಸ. ಪ್ರಮಾಣಪತ್ರ ಅಚ್ಚು ಹಾಕುವುದೆಲ್ಲ ವಾಪಸು ಬಂದ ಮೇಲೆ.

ಪ್ರಿಂಟರನ್ನು ಪೆಟ್ಟಿಗೆಗೆ ಹಾಕಿದರು. ಉಳಿದದ್ದು ಅದರ ನಾಲ್ಕು ಕಾರ್ಟ್ರಿಜ್‌ಗಳು: ಕಪ್ಪು, ನೀಲಿ, ಕೆಂಪು, ಹಳದಿ. ಖಾಲಿಯಾದಾಗ ಎಸೆಯದೆ ಮತ್ತೆ ಮತ್ತೆ ಇಂಕು ತುಂಬಿಸಿಕೊಳ್ಳಬಹುದಾದ ಹೊಸ ನಮೂನೆಯವು. ಎರಡು ವರ್ಷ ಪತ್ರ ಬರೆದ ಮೇಲೆ ಹಿಂದಿನ ತಿಂಗಳಷ್ಟೇ ಬಂದಿದ್ದವು. ಸೂಪರಿಂಟೆಂಡೆಂಟ್ ಮೇಡಂ ಅವುಗಳನ್ನು ಆಗಾಗ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಪ್ರಿಂಟರ್ ಮೆಕ್ಯಾನಿಕ್ ಗಂಟಲು ಸರಿಮಾಡಿಕೊಂಡು ಶುರುಮಾಡಿದ. "ಮೇಡಂ, ಇವನ್ನ ತುಂಬಾ ದಿನ ಇಡೋದಕ್ಕೆ ಒಂದು ಕ್ರಮ ಇದೆ. ಮೊದಲನೇದಾಗಿ..."

"ಗೊತ್ತು, ಗೊತ್ತು," ಎಂದರು ಗೊತ್ತಪ್ಪನವರು.

ಮೆಕ್ಯಾನಿಕ್ ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ತನ್ನ ಚೀಲದ ಜಿಪ್ ಎಳೆದ. ಆ ಜಿಪ್ಪಿನ ಸದ್ದಿನಲ್ಲೇ ಎಷ್ಟೋ ತಿಳಿವಳಿಕೆ ಒಳಗೆ ಹೋಗಿ ಮುಚ್ಚಿಕೊಂಡಿತು.

"ಒಳ್ಳೇದಾಯ್ತು," ಎಂದರು ಮೇಡಂ. "ಗೊತ್ತಿರೋರೇ ಇದ್ದೀರಿ. ಮನೆಗೆ ತಗೊಂಡು ಹೋಗಿ ಜೋಪಾನ ಮಾಡಿ. ವಾಪಸು ಬಂದ ದಿನ ಮೊದಲ ಪ್ರಮಾಣಪತ್ರ ಇವುಗಳಿಂದಲೇ ಬರಬೇಕು. ಅದರಲ್ಲೂ ಹಳದಿ ಹುಷಾರು. ಹಳದಿ ಇಲ್ಲದಿದ್ರೆ ಮುದ್ರೆ ಬರಲ್ಲ. ಮುದ್ರೆ ಬರದಿದ್ರೆ ಮಗು ಹುಟ್ಟೇ ಇಲ್ಲ ಅಂತ ಅರ್ಥ."

ಹೀಗೆ ಇನ್ನೂ ಲೆಕ್ಕಕ್ಕೆ ಬಾರದ ನೂರಾರು ಮಕ್ಕಳ ಹುಟ್ಟು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕುಳಿತು ಗೊತ್ತಪ್ಪನವರ ಕಂಕುಳಲ್ಲಿ ಮನೆಗೆ ಬಂತು.

ಗೊತ್ತಪ್ಪನವರ ಹೆಂಡತಿ ಮನೆಯಲ್ಲೇ ಪುಸ್ತಕಗಳಿಗೆ ಬೈಂಡು ಹಾಕುವ ಕೆಲಸ ಮಾಡುತ್ತಿದ್ದರು. ಊಟದ ಮೇಜು ಯಾವಾಗಲೂ ಹೊಲಿಗೆ ಬಿಚ್ಚಿದ ಪುಸ್ತಕಗಳಿಂದ ತುಂಬಿರುತ್ತಿತ್ತು. ಅದರ ನಡುವೆ ಡಬ್ಬಿ ಇಟ್ಟು ಗಂಡ ಅದನ್ನೇ ನೋಡುತ್ತ ನಿಂತಿದ್ದು ಕಂಡು, ಸೂಜಿಯಿಂದ ಕಣ್ಣೆತ್ತದೆಯೇ ಹೇಳಿದರು. "ಗೊತ್ತಿದ್ರೆ ಎತ್ತಿಡಿ. ಗೊತ್ತಿಲ್ಲದಿದ್ರೆ ಆ ಮೆಕ್ಯಾನಿಕ್‌ಗೆ ಫೋನ್ ಮಾಡಿ ಕೇಳಿ. ಎರಡರಲ್ಲಿ ಒಂದು ಮಾಡಿ, ಮೇಜು ಬಿಡಿ."

"ಗೊತ್ತಿದೆ. ಆದ್ರೂ ಒಂದು ಮಾತು ಖಾತ್ರಿ ಮಾಡ್ಕೊಳ್ಳೋದು ಒಳ್ಳೇದು," ಎಂದು ಗೊತ್ತಪ್ಪನವರು ಫೋನ್ ಹಿಡಿದು ಹಿತ್ತಲಿಗೆ ಹೋದರು.

ಆ ಮನೆಯಲ್ಲಿ ಫೋನಿನ ಸಿಗ್ನಲ್ ಸಿಗುತ್ತಿದ್ದದ್ದು ಒಂದೇ ಕಡೆ, ಹಿತ್ತಲ ಗೋಡೆಗೆ ಒರಗಿ ನಿಂತರೆ. ಗೋಡೆಯಾಚೆ ಡ್ರಾಯಿಂಗ್ ಮೇಷ್ಟ್ರ ಮನೆಯ ಕಿಟಕಿ. ಮೆಕ್ಯಾನಿಕ್‌ನ ದನಿ ಡಬ್ಬಿಯೊಳಗಿಂದ ಬಂದಂತೆ ಬರುತ್ತಿತ್ತು. ಮರೆಯಬಾರದೆಂದು ಗೊತ್ತಪ್ಪನವರು ಅವನ ಪ್ರತಿ ಮಾತನ್ನೂ ತಿರುಗಿ ಗಟ್ಟಿಯಾಗಿ ಹೇಳಿಕೊಂಡರು.

"ನೆಟ್ಟಗೆ ಕೂರಿಸ್ಬೇಕು... ಅಡ್ಡ ಮಲಗಿಸ್ಬಾರ್ದು. ಹೂಂ. ಬಾಯಿ ಭದ್ರವಾಗಿ ಮುಚ್ಚಿರ್ಬೇಕು, ಟೇಪು ಹಾಕಿದ್ರೂ ಸರಿ. ಗಾಳಿ ಆಡ್ಬಾರ್ದು, ಬಿಸಿಲು ಬೀಳ್ಬಾರ್ದು, ತಣ್ಣಗೆ ಕತ್ತಲೆ ಇರ್ಬೇಕು. ಜೊತೆಗೊಂದು ಒದ್ದೆ ಬಟ್ಟೆ. ಹಿಂಡಿದ್ದು. ನೀರು ತೊಟ್ಟಿಕ್ಕಬಾರ್ದು. ಸುಮ್ನೆ ಅಲ್ಲಾಡಿಸ್ತಾ ಇರ್ಬಾರ್ದು. ಆಮೇಲೆ? ವಾರಕ್ಕೊಂದು ಸಲ ಸ್ವಲ್ಪನಾದ್ರೂ ಬಣ್ಣ ಹೊರಗೆ ಬರ್ಬೇಕು. ಬರದಿದ್ರೆ? ಒಳಗೇ ಒಣಗಿ ಕಲ್ಲಾಗುತ್ತೆ! ಗೊತ್ತು, ಗೊತ್ತು. ಹೀಗಿದ್ರೆ ಎಷ್ಟು ತಿಂಗಳಾದ್ರೂ ಕೆಡಲ್ಲ ಅಂತೀರಿ."

ಗೋಡೆಯಾಚೆ ಡ್ರಾಯಿಂಗ್ ಮೇಷ್ಟ್ರು ಉಸಿರು ಬಿಗಿಹಿಡಿದು ಕುಳಿತಿದ್ದರು.

ಮೇಷ್ಟ್ರು ನಿವೃತ್ತರಾಗಿ ಮೂರು ವರ್ಷವಾಗಿತ್ತು. ನಿವೃತ್ತಿಯ ದಿನ ಶಾಲೆಯವರು ಕೊಟ್ಟ ಹಾರದ ಜೊತೆ ಅವರ ನಿದ್ದೆಯೂ ಬಾಡಿಹೋಗಿತ್ತು. ಮೂವತ್ತೆಂಟು ವರ್ಷ ಬೇರೆಯವರ ಮಕ್ಕಳ ಕೈಹಿಡಿದು ಬೆಟ್ಟ, ಸೂರ್ಯ, ದೋಣಿ ಬಿಡಿಸಲು ಕಲಿಸಿದ್ದ ಅವರು ತಮ್ಮದೆಂದು ಒಂದು ಗೆರೆಯನ್ನೂ ಎಳೆದಿರಲಿಲ್ಲ. ಮಾತ್ರೆ ನುಂಗಿ ನೋಡಿದ್ದರು, ಕಷಾಯ ಕುಡಿದು ನೋಡಿದ್ದರು, ಒಂದರಿಂದ ಸಾವಿರದವರೆಗೆ ಎಣಿಸಿ, ಸಾವಿರದಿಂದ ಒಂದಕ್ಕೂ ಇಳಿದಿದ್ದರು. ಈಗ ಯಾವುದೋ ದೊಡ್ಡ ಡಾಕ್ಟರು ಪಕ್ಕದ ಮನೆಯವರಿಗೆ ಹೇಳುತ್ತಿರುವ ಪಥ್ಯ ತಾನಾಗಿ ಕಿವಿಗೆ ಬಿದ್ದಿತ್ತು. "ಬಣ್ಣ ಹೊರಗೆ ಬರದಿದ್ರೆ ಒಳಗೇ ಒಣಗಿ ಕಲ್ಲಾಗುತ್ತೆ" ಎಂಬ ಮಾತು ಬಂದಾಗ ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು.

ಮರುದಿನ ಮಧ್ಯಾಹ್ನ ಎರಡಕ್ಕೆ ಮೇಷ್ಟ್ರು ಕಿಟಕಿ ಮುಚ್ಚಿ, ಪರದೆ ಎಳೆದು, ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಬಾಯಿ ಬಿಗಿಯಾಗಿ ಮುಚ್ಚಿ, ಹಿಂಡಿದ ಒದ್ದೆ ಬಟ್ಟೆಯನ್ನು ನೆತ್ತಿಯ ಮೇಲಿಟ್ಟುಕೊಂಡರು. ಸ್ವಲ್ಪ ಹೊತ್ತಿಗೆ ಕೋಣೆಯ ಮೂಲೆಗಳು ಮೆತ್ತಗಾದವು. ಗಡಿಯಾರದ ಸದ್ದು ನೀರಿನೊಳಗಿಂದ ಕೇಳಿದಂತೆ ಕೇಳಿಸಿತು. ಮುನಿಸಿಕೊಂಡು ಹೋಗಿದ್ದ ನೆಂಟನಂತೆ ನಿದ್ದೆ, ಕರೆಯದೆಯೇ ಒಳಗೆ ಬಂದು, ಚಪ್ಪಲಿ ಬಿಟ್ಟು, ಅವರ ಪಕ್ಕ ಕೂತಿತು. ಕನಸಿನಲ್ಲಿ ಯಾವುದೋ ತರಗತಿ. ಮಕ್ಕಳು ಬಿಡಿಸಿದ ನದಿ ಹಾಳೆಯ ಅಂಚು ದಾಟಿ, ಬೆಂಚು ಇಳಿದು, ಬಾಗಿಲಿಂದಾಚೆ ಹರಿದುಹೋಗುತ್ತಿತ್ತು. ಮೇಷ್ಟ್ರು ಬೈಯಲಿಲ್ಲ.

ಎಚ್ಚರವಾದಾಗ ನಾಲ್ಕು ಗಂಟೆ. ವಾರ ತುಂಬಿದ ದಿನ ಅವರು ಬಣ್ಣದ ಪೆಟ್ಟಿಗೆ ತೆಗೆದು ತಮಗಾಗಿ ಒಂದು ಚಿತ್ರ ಬರೆದರು. ಒಂದು ಕುರ್ಚಿ. ಖಾಲಿ ಕುರ್ಚಿ.

ಆ ಸಂಜೆಯೇ ಗೇಟಿನ ಬಳಿ ಗೊತ್ತಪ್ಪನವರು ಸಿಕ್ಕಿದರು.

"ನಿಮ್ಮ ವಿಧಾನ ನಾನೂ ಶುರು ಮಾಡಿದೀನಿ ಸಾರ್," ಎಂದರು ಮೇಷ್ಟ್ರು. "ನೆಟ್ಟಗೆ, ಬಾಯಿ ಮುಚ್ಚಿ, ಕತ್ತಲೇಲಿ."

ಪಕ್ಕದ ಮನೆಯಲ್ಲೂ ಕಾರ್ಟ್ರಿಜ್ ಇದೆಯೆಂದು ತಿಳಿದು ಗೊತ್ತಪ್ಪನವರಿಗೆ ಅಚ್ಚರಿಯಾಯಿತು. ತೋರಗೊಡಲಿಲ್ಲ. "ಹೂಂ, ಹಾಗೇ ಇಡ್ಬೇಕು. ನಿಮ್ಮದು ಎಷ್ಟು?"

"ಅರವತ್ತೊಂದು ಸಾರ್."

"ಅರವತ್ತೊಂದಾ!" ಗೊತ್ತಪ್ಪನವರು ಮೇಷ್ಟ್ರ ಪುಟ್ಟ ಮನೆಯನ್ನು ಗೌರವದಿಂದ ನೋಡಿದರು. "ನಾನು ನಾಲ್ಕಕ್ಕೇ ಒದ್ದಾಡ್ತಿದೀನಿ. ತುಂಬಿಸಿ ಎಷ್ಟು ಹೊತ್ತಾಯ್ತು?"

"ಮಧ್ಯಾಹ್ನ ಊಟ ಆದ್ಮೇಲೆ ಏನೂ ತಗೊಂಡಿಲ್ಲ."

"ಸೋರಿಕೆ ಗೀರಿಕೆ?"

ಮೇಷ್ಟ್ರು ಸಂಕೋಚದಿಂದ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ವಯಸ್ಸಾಯ್ತಲ್ಲ ಸಾರ್. ರಾತ್ರಿ ಎರಡು ಸಲ ಏಳ್ತೀನಿ."

ಇದರ ಅರ್ಥ ಗೊತ್ತಪ್ಪನವರಿಗೆ ಆಗಲಿಲ್ಲ. ಆದ್ದರಿಂದ "ಗೊತ್ತು, ಗೊತ್ತು" ಎಂದರು.

ಮೇಷ್ಟ್ರು ಮೊದಲು ಹೇಳಿದ್ದು ಎದುರು ಮನೆಯ ಟೈಲರಮ್ಮನಿಗೆ. ಟೈಲರಮ್ಮನಿಗೆ ಹೇಳಿದ ಮೇಲೆ ಬೇರೆ ಯಾರಿಗೂ ಹೇಳುವ ಅಗತ್ಯ ಬೀಳಲಿಲ್ಲ. ರವಿಕೆ ಅಳತೆ ಕೊಡಲು ಬಂದವರೆಲ್ಲ ಪಥ್ಯವನ್ನೂ ಅಳೆಸಿಕೊಂಡು ಹೋದರು. ಯಾರದೋ ತಲೆನೋವು ನಿಂತಿತು. ಯಾರೋ ಅತ್ತೆ ಸೊಸೆ ದಿನಕ್ಕೆರಡು ಗಂಟೆ ಬಾಯಿ ಮುಚ್ಚಿಕೊಂಡು ಕೂತು, ಮೂರನೇ ವಾರಕ್ಕೆ ಒಂದೇ ತಟ್ಟೆಯಲ್ಲಿ ತಿನ್ನತೊಡಗಿದರು.

ಒಂದು ದಿನ ಟೈಲರಮ್ಮ ಗೊತ್ತಪ್ಪನವರನ್ನು ಬೀದಿಯಲ್ಲೇ ನಿಲ್ಲಿಸಿಕೊಂಡರು. "ಅಣ್ಣಾ, ಎಲ್ಲ ನೀವು ಹೇಳಿದ ಹಾಗೇ ಮಾಡ್ತಿದೀನಿ. ನಮ್ಮನೆಯವರಿಗೆ ಟೇಪೂ ಹಾಕಿದೆ. ಆದ್ರೂ ಗೊರಕೆ ನಿಲ್ತಿಲ್ಲ."

ಗೊತ್ತಪ್ಪನವರು ಬಾಗಿಲಿಂದ ಇಣುಕಿದರು. ಒಳಗೆ, ಕತ್ತಲೆಯಲ್ಲಿ, ಟೈಲರಮ್ಮನ ಗಂಡ ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ನೆತ್ತಿಯ ಮೇಲೆ ಒದ್ದೆ ಬಟ್ಟೆ. ಗದ್ದದಿಂದ ತಲೆಯವರೆಗೆ ಅಳತೆ ಟೇಪು ಸುತ್ತಿ ಮೇಲೆ ಚಂದದ ಗಂಟು ಹಾಕಿತ್ತು. ಹದಿನಾರೂವರೆ ಅಂಗುಲ ಎಂಬ ಅಂಕಿ ಸರಿಯಾಗಿ ಮೂಗಿನ ಪಕ್ಕಕ್ಕೆ ಬಂದಿತ್ತು.

ಗೊತ್ತಪ್ಪನವರಿಗೆ ಮೇಷ್ಟ್ರ ಅರವತ್ತೊಂದು ಏನೆಂದು ಆಗ ಹೊಳೆಯಿತು. ಹೇಳಿಬಿಡಬೇಕು, ಇದು ಮನುಷ್ಯರಿಗಲ್ಲ, ಇಂಕಿನ ಡಬ್ಬಿಗೆ ಎಂದು ಈಗಲೇ ಹೇಳಿಬಿಡಬೇಕು ಎಂದುಕೊಂಡರು. ಮಾತು ಗಂಟಲಿಗೂ ಬಂತು. ಅಷ್ಟರಲ್ಲಿ ಮೇಷ್ಟ್ರು ಓಡಿಬಂದು ಅವರ ಎರಡೂ ಕೈ ಹಿಡಿದುಕೊಂಡರು. "ಮೂರು ವರ್ಷ ಆಗಿತ್ತು ಸಾರ್ ನಾನು ಕನಸು ಕಂಡು. ನಿಮ್ಮಿಂದ," ಎಂದರು. ಅವರ ಬೆರಳ ತುದಿಯಲ್ಲಿ ಹಸಿ ನೀಲಿ ಬಣ್ಣವಿತ್ತು.

ಮಾತು ವಾಪಸು ಹೋಯಿತು.

ಗೊತ್ತಪ್ಪನವರು ಹಿತ್ತಲಿಗೆ ಹೋಗಿ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. "ಒಳಗಿಂದ ಗೊರ ಗೊರ ಶಬ್ದ ಬಂದ್ರೆ ಏನ್ ಮಾಡ್ಬೇಕು?"

"ಗಾಳಿ ಸೇರಿರುತ್ತೆ," ಎಂದ ಮೆಕ್ಯಾನಿಕ್. "ಬೆನ್ನ ಮೇಲೆ ಬೆರಳಲ್ಲಿ ಮೆಲ್ಲಗೆ ನಾಲ್ಕು ಸಲ ತಟ್ಟಿ. ಸರಿಹೋಗುತ್ತೆ."

ತಟ್ಟಿದರು. ಸರಿಹೋಯಿತು. ಅಂದಿನಿಂದ ಟೈಲರಮ್ಮ ಗೊತ್ತಪ್ಪನವರೊಂದಿಗೆ ಎದ್ದು ನಿಂತೇ ಮಾತಾಡತೊಡಗಿದರು.

ಮುಂದಿನ ದಿನಗಳಲ್ಲಿ ಆ ಬೀದಿಗೆ ಒಂದು ವಿಚಿತ್ರ ಸೊಗಸು ಬಂತು. ಎರಡು ಹೊಡೆಯುತ್ತಲೇ ಕಿಟಕಿಗಳು ಒಂದರ ಹಿಂದೊಂದು ಮುಚ್ಚಿಕೊಳ್ಳುತ್ತಿದ್ದವು. ಹೊಲಿಗೆ ಯಂತ್ರ ಅರ್ಧ ತೋಳಿಗೆ ನಿಲ್ಲುತ್ತಿತ್ತು. ಬಿಸಿಲು ಬೀದಿಯ ಉದ್ದಕ್ಕೂ ಒಬ್ಬಂಟಿಯಾಗಿ ಬಿದ್ದುಕೊಂಡಿರುತ್ತಿತ್ತು. ತಂತಿಯ ಮೇಲಿನ ಬಟ್ಟೆಗಳು ಕೂಡ ಗಾಳಿ ಬಂದರೆ ಅಲುಗಾಡಲೋ ಬೇಡವೋ ಎಂದು ಯೋಚಿಸುತ್ತಿದ್ದವು. ಗೋಡೆಗಳ ಹಿಂದೆ ಸಾಲಾಗಿ, ನೆಟ್ಟಗೆ, ಬಾಯಿ ಮುಚ್ಚಿ, ನೆತ್ತಿಯ ಮೇಲೆ ತಂಪು ಹೊತ್ತು, ಇಡೀ ಬೀದಿ ಒಂದೇ ನಿದ್ದೆಯನ್ನು ಹಂಚಿಕೊಂಡು ಮಲಗುತ್ತಿತ್ತು. ಒಬ್ಬರ ಕನಸು ಮಗ್ಗುಲು ಬದಲಿಸಿದರೆ ಪಕ್ಕದ ಮನೆಯವರಿಗೆ ಒತ್ತುತ್ತಿತ್ತೇನೋ.

ಎಚ್ಚರವಿದ್ದವರು ಇಬ್ಬರೇ. ಗಡುವಿನ ಬೈಂಡು ಮುಗಿಸುತ್ತಿದ್ದ ಹೆಂಡತಿ ಮತ್ತು ಇದೆಲ್ಲ ಎಂದು ಬಯಲಾಗುವುದೋ ಎಂದು ಹಜಾರದಲ್ಲಿ ಶತಪಥ ಹಾಕುತ್ತಿದ್ದ ಗೊತ್ತಪ್ಪನವರು.

"ಹೇಳಿಬಿಡ್ರೀ," ಎನ್ನುತ್ತಿದ್ದರು ಹೆಂಡತಿ.

"ಹೇಳ್ತೀನಿ. ಸಮಯ ನೋಡಿ."

ಸಮಯ ಬರಲಿಲ್ಲ. ಬಂದವರು ಆರೋಗ್ಯ ಇನ್‌ಸ್ಪೆಕ್ಟರು. ಅಂಚೆಯವಳು ದೂರು ಕೊಟ್ಟಿದ್ದಳು: ಎಷ್ಟು ಬಾಗಿಲು ತಟ್ಟಿದರೂ ಯಾರೂ ತೆಗೆಯುವುದಿಲ್ಲ, ಕಿಟಕಿಯ ಸಂದಿಯಿಂದ ನೋಡಿದರೆ ಎಲ್ಲರೂ ತಲೆಯ ಮೇಲೆ ಬಟ್ಟೆ ಹಾಕಿಕೊಂಡು ಕಂಬದಂತೆ ಕೂತಿದ್ದಾರೆ, ತನಗೆ ಭಯವಾಗುತ್ತದೆ.

ಇನ್‌ಸ್ಪೆಕ್ಟರು ಸಣಕಲು ಮನುಷ್ಯ. ಕಣ್ಣ ಕೆಳಗೆ ಕಪ್ಪು. ಕಂಕುಳಲ್ಲಿ ಅವರಿಗಿಂತ ದಪ್ಪನೆಯ ಕಡತ. ಸರಿಯಾಗಿ ಎರಡಕ್ಕೆ ಹತ್ತು ನಿಮಿಷವಿದ್ದಾಗ ಬೀದಿಯ ನಡುವೆ ನಿಂತು ಗದರಿದರು. "ಇಲ್ಲಿ ಮಧ್ಯಾಹ್ನ ಯಾರಿಗೂ ಪ್ರಜ್ಞೆ ಇರಲ್ಲ ಅಂತ ದೂರು ಬಂದಿದೆ!"

"ಪ್ರಜ್ಞೆ ಇರುತ್ತೆ ಸಾರ್," ಎಂದರು ಟೈಲರಮ್ಮ. "ಎರಡು ಗಂಟೆ ಉಪಯೋಗಿಸಲ್ಲ, ಅಷ್ಟೆ."

"ಯಾರು ಹೇಳಿಕೊಟ್ಟಿದ್ದು ಇದನ್ನ?"

ಬೀದಿಯ ಬೆರಳುಗಳೆಲ್ಲ ಹೆಮ್ಮೆಯಿಂದ ಒಂದೇ ಕಡೆ ತಿರುಗಿದವು. ಗೊತ್ತಪ್ಪನವರು ಗೋಡೆಗೆ ಅಂಟಿಕೊಂಡರು.

"ನೀವು ವೈದ್ಯರಾ?"

"ಅಲ್ಲ ಸಾರ್. ಎರಡನೇ ಗುಮಾಸ್ತ."

"ಮತ್ತೆ ನಿಮಗೆ ಹೇಳಿದೋರು ಯಾರು?"

"ಮೆ... ಮೆಕ್ಯಾ..."

"ಯಾವ ದೇಶದವರು?" ಎಂದು ಕೇಳಿ ಇನ್‌ಸ್ಪೆಕ್ಟರು ಬರೆದುಕೊಂಡರು. "ನಡೀರಿ, ನೀವು ಇದನ್ನ ಮಾಡೋ ಜಾಗ ತೋರ್ಸಿ."

ಗೊತ್ತಪ್ಪನವರ ಮನೆಯ ಉಗ್ರಾಣದ ಕೋಣೆ ನಾಲ್ಕು ಹೆಜ್ಜೆ ಅಗಲ. ಕಿಟಕಿಯಿಲ್ಲ. ನೆಲ ತಣ್ಣಗೆ. ಗೂಡಿನಲ್ಲಿ, ಬಿಸ್ಕತ್ತಿನ ಡಬ್ಬಿಯೊಳಗೆ, ನಾಲ್ಕು ಪಾರದರ್ಶಕ ಚೀಲಗಳಲ್ಲಿ ನಾಲ್ಕು ಬಣ್ಣಗಳು ಬಾಯಿಗೆ ಟೇಪು ಹಾಕಿಸಿಕೊಂಡು, ಒದ್ದೆ ಬಟ್ಟೆಗೆ ಆತುಕೊಂಡು, ನೆಟ್ಟಗೆ ಕೂತಿದ್ದವು.

"ಇವೇನು?"

"ಇವೇ ಸಾರ್ ಮೊದಲಿನವು," ಎಂದರು ಗೊತ್ತಪ್ಪನವರು. ಸತ್ಯ ಹೇಳಲು ಅವರು ಮಾಡಿದ ಮೊದಲ ಪ್ರಯತ್ನ ಅದು.

ಇನ್‌ಸ್ಪೆಕ್ಟರು ಬಹಳ ಹೊತ್ತು ಅವುಗಳನ್ನು ನೋಡಿದರು. ಆಮೇಲೆ ಅಲ್ಲಿದ್ದ ಸ್ಟೂಲಿನ ಮೇಲೆ ಕೂತು, ಕಡತ ತೊಡೆಯ ಮೇಲಿಟ್ಟುಕೊಂಡು, "ಬಾಗಿಲು ಸ್ವಲ್ಪ ಮುಂದೆ ಮಾಡಿ. ಎಷ್ಟು ಕತ್ತಲಾಗುತ್ತೆ ನೋಡ್ಬೇಕು," ಎಂದರು.

ಬಾಗಿಲು ಮುಂದಾಯಿತು. ಐದು ನಿಮಿಷವಾಯಿತು. ಹತ್ತಾಯಿತು. ಗೊತ್ತಪ್ಪನವರು ಹೊರಗಿನಿಂದ "ಸಾರ್?" ಎಂದರು. ಉತ್ತರವಿಲ್ಲ. ಹೆಂಡತಿ ಬಂದು ಸಂದಿಯಿಂದ ನೋಡಿ, ಒಂದು ಬಟ್ಟೆ ಒದ್ದೆ ಮಾಡಿ ಹಿಂಡಿ, ಒಳಗೆ ಹೋಗಿ ಇನ್‌ಸ್ಪೆಕ್ಟರ ನೆತ್ತಿಯ ಮೇಲಿಟ್ಟು ಬಂದರು.

ನಾಲ್ಕಕ್ಕೆ ಇನ್‌ಸ್ಪೆಕ್ಟರು ಹೊರಬಂದಾಗ ಅವರ ಮುಖ ಇಸ್ತ್ರಿ ಮಾಡಿಟ್ಟಂತಿತ್ತು. ಬೀದಿಯವರೆಲ್ಲ ಎದ್ದು ಬಂದು ಕಾಯುತ್ತಿದ್ದರು. ಅವರು ನಿಂತಲ್ಲೇ ವರದಿ ಬರೆದು ಗಟ್ಟಿಯಾಗಿ ಓದಿದರು. "ಸ್ಥಳ ಪರಿಶೀಲಿಸಲಾಗಿ, ಸದರಿ ಬೀದಿಯಲ್ಲಿ ಯಾವುದೇ ರೋಗ ಕಂಡುಬಂದಿರುವುದಿಲ್ಲ. ಕಂಡುಬಂದಿರುವುದು ಮಧ್ಯಾಹ್ನ ಮಾತ್ರ. ಖಚಿತಪಡಿಸಿಕೊಳ್ಳುವ ಸಲುವಾಗಿ ಪ್ರತಿ ಗುರುವಾರ ಪುನಃ ಪರಿಶೀಲಿಸತಕ್ಕದ್ದು."

ಚಪ್ಪಾಳೆ ಬಿತ್ತು. ಗೊತ್ತಪ್ಪನವರಿಗೆ ಹೇಳುವ ಸಮಯ ಇನ್ನೂ ಒಂದು ಮೈಲಿ ಆಚೆಗೆ ಸರಿಯಿತು.

ಇಷ್ಟೆಲ್ಲದರ ನಡುವೆ ಒಂದು ಕೆಲಸ ಬಿಟ್ಟುಹೋಗಿತ್ತು. ಮೊದಲ ಮೂರು ವಾರ ಗೊತ್ತಪ್ಪನವರು ಪ್ರತಿ ಭಾನುವಾರ ಡಬ್ಬಿ ತೆಗೆದು, ಟೇಪು ಬಿಡಿಸಿ, ಒಂದೊಂದು ಕಾರ್ಟ್ರಿಜ್‌ನ ಬಾಯನ್ನೂ ಒದ್ದೆ ಬಟ್ಟೆಗೆ ಒತ್ತಿ ಬಣ್ಣ ಬರುವುದನ್ನು ನೋಡಿ, ಬಟ್ಟೆಗೆ ಮತ್ತೆ ನೀರು ಹಾಕಿ ಮುಚ್ಚಿದ್ದರು. ಆಮೇಲೆ ಭಾನುವಾರಗಳೆಲ್ಲ ಬೀದಿಯವರ ಬೆನ್ನು ತಟ್ಟುವುದರಲ್ಲೇ ಕಳೆದವು. ಶನಿವಾರ ಮೇಡಂ ಫೋನ್ ಮಾಡಿ "ಸೋಮವಾರ ಹತ್ತು ಗಂಟೆಗೆ ಹೊಸ ಚಾವಣಿ ಕೆಳಗೆ ಕಚೇರಿ ಶುರು. ಮೊದಲ ಪ್ರಮಾಣಪತ್ರ ಕೊಡೋದಕ್ಕೆ ಮೇಲಿನವರು ಬರ್ತಾರೆ. ನಾಲ್ಕೂ ಚೆನ್ನಾಗಿವೆ ತಾನೆ?" ಎಂದಾಗ ಅವರು "ಚೆನ್ನಾಗಿರೋದು ಗೊತ್ತೇ ಇದೆ ಮೇಡಂ" ಎಂದು, ಫೋನ್ ಇಟ್ಟು, ಓಡಿ ಡಬ್ಬಿ ತೆಗೆದರು.

ಕಪ್ಪು ಬಂತು. ನೀಲಿ ಬಂತು. ಕೆಂಪು ಸ್ವಲ್ಪ ಮುನಿಸಿಕೊಂಡು ಬಂತು. ಹಳದಿಯ ಚೀಲದ ಜಿಪ್ ಒಂದು ಉಗುರಿನಷ್ಟು ತೆರೆದೇ ಇತ್ತು. ಒಳಗಿನ ಬಟ್ಟೆ ಹಪ್ಪಳದಂತೆ ಗರಿಗರಿಯಾಗಿತ್ತು. ಬಾಯನ್ನು ಎಷ್ಟು ಒತ್ತಿದರೂ ಬಟ್ಟೆಯ ಮೇಲೆ ಏನೂ ಮೂಡಲಿಲ್ಲ.

ಗೊತ್ತಪ್ಪನವರು ಉಗ್ರಾಣದ ನೆಲದ ಮೇಲೆ ಕುಸಿದು ಕೂತರು. ಹಳೆಯ ಶಾಲೆಯ ಕೋಣೆಗೆ ದಿನವೂ ಬಂದು "ಆಯ್ತಾ ಸಾರ್?" ಎಂದು ಕೇಳಿ ಹೋಗುತ್ತಿದ್ದ ತಾಯಂದಿರೆಲ್ಲ ಕಣ್ಣ ಮುಂದೆ ಸಾಲಾಗಿ ಬಂದರು. ಎಲ್ಲರ ಸೊಂಟದಲ್ಲೂ ಒಂದೊಂದು ಹುಟ್ಟದ ಮಗು. ಮೆಕ್ಯಾನಿಕ್‌ಗೆ ಫೋನ್ ಮಾಡಿದರೆ ಅವನ ಫೋನು ಬಂದ್ ಆಗಿತ್ತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. "ಒಣಗಿದ ಬಣ್ಣದ ವಿಷಯ ತಿಳಿದೋರು ಗೋಡೆ ಆಚೆ ಇದ್ದಾರೆ," ಎಂದರು. "ಹೋಗಿ. ಈ ಸಲ ಗೋಡೆ ಈಚೆಯಿಂದ ಅಲ್ಲ, ಬಾಗಿಲಿಂದ ಹೋಗಿ."

ಮೇಷ್ಟ್ರ ಹಜಾರದಲ್ಲಿ ಹದಿನೈದು ಚಿತ್ರಗಳು ಗೋಡೆಗೆ ಒರಗಿದ್ದವು. ವಾರಕ್ಕೊಂದರಂತೆ. ಗೊತ್ತಪ್ಪನವರು ಅವುಗಳನ್ನು ನೋಡುತ್ತಲೇ ಹೇಳಿದರು, ಏಕೆಂದರೆ ಮೇಷ್ಟ್ರ ಮುಖ ನೋಡಿದ್ದರೆ ಮಾತು ಹಿಂದಿರುಗಿಬಿಡುತ್ತಿತ್ತು. "ಮೇಷ್ಟ್ರೇ, ಅವತ್ತು ಫೋನಲ್ಲಿ ನಾನು ಹೇಳ್ತಿದ್ದಿದ್ದು ಮನುಷ್ಯರ ವಿಷಯ ಅಲ್ಲ. ಇದರದ್ದು. ಡಾಕ್ಟರೂ ಇಲ್ಲ, ಏನೂ ಇಲ್ಲ. ಪ್ರಿಂಟರ್ ರಿಪೇರಿ ಮಾಡೋನು ಹೇಳಿದ್ದು. ನಂಗೆ ಏನೂ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ."

ಮೇಷ್ಟ್ರು ಹಳದಿ ಕಾರ್ಟ್ರಿಜ್ ತೆಗೆದುಕೊಂಡು ಬೆಳಕಿಗೆ ಹಿಡಿದರು.

"ನೆಟ್ಟಗೆ ಕೂರಿಸ್ಬೇಕು ಅಂದಿದ್ದು?"

"ಇದನ್ನ."

"ಬಣ್ಣ ಒಳಗೇ ಒಣಗಿ ಕಲ್ಲಾಗುತ್ತೆ ಅಂದಿದ್ದೂ?"

"ಇದಕ್ಕೇ, ಮೇಷ್ಟ್ರೇ."

ಮೇಷ್ಟ್ರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ಗೊತ್ತಪ್ಪನವರು ಹೆದರಿದರು. ಮೇಷ್ಟ್ರು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವಷ್ಟು, ಕುರ್ಚಿ ಹಿಡಿದುಕೊಳ್ಳುವಷ್ಟು. "ಹಾಗಾದ್ರೆ ಇವನು ನನ್ನ ಜೊತೆಯವನು," ಎಂದರು ಕೊನೆಗೆ. "ಬನ್ನಿ, ಬಿಸಿನೀರು ಕಾಯಿಸೋಣ. ಕುದೀಬಾರ್ದು. ಬೆರಳು ಇಟ್ರೆ ತಡೆಯೋಷ್ಟು ಸಾಕು."

ಬಿಳಿ ಬಸಿಯಲ್ಲಿ ಬಟ್ಟೆಯ ಮಡಿಕೆ, ಅದರ ಮೇಲೆ ಬೆಚ್ಚಗಿನ ನೀರು, ನೀರಿಗೆ ತಾಗುವಂತೆ ಕಾರ್ಟ್ರಿಜ್‌ನ ಬಾಯಿ. ಮೇಷ್ಟ್ರು ಅದನ್ನು ಎರಡು ಪುಸ್ತಕಗಳ ನಡುವೆ ನೆಟ್ಟಗೆ ನಿಲ್ಲಿಸಿದರು. ನೀರು ಆರಿದಾಗ ಬದಲಾಯಿಸಿದರು. ಒತ್ತಲು ಹೋದ ಗೊತ್ತಪ್ಪನವರ ಕೈಯನ್ನು ಮಗುವಿನ ಕೈಯಂತೆ ಹಿಡಿದು ಪಕ್ಕಕ್ಕಿಟ್ಟರು. "ಬಲವಂತ ಮಾಡ್ಬಾರ್ದು. ಸ್ಕೂಲಲ್ಲಿ ರಜಾ ಮುಗಿಸಿ ಬಂದಾಗ ಎಲ್ಲ ಬಣ್ಣಾನೂ ಹೀಗೇ ಕಲ್ಲಾಗಿರ್ತಿತ್ತು. ಕಾದ್ರೆ ಬರುತ್ತೆ."

ಇಬ್ಬರೂ ಕಾದರು. ಬಾಯಿ ಮುಚ್ಚಿ, ಬೆನ್ನು ನೆಟ್ಟಗೆ ಮಾಡಿಕೊಂಡು. ಬಿಸಿಲು ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ನಿಧಾನವಾಗಿ ಜರುಗಿತು. ಐದನೇ ಸಲ ನೀರು ಬದಲಾಯಿಸಿ ಎಷ್ಟೋ ಹೊತ್ತಾದ ಮೇಲೆ, ಬಿಳಿ ಬಸಿಯೊಳಗೆ, ಕೂದಲಿಗಿಂತ ತೆಳ್ಳಗಿನ ಒಂದು ಹಳದಿ ಎಳೆ ಇಳಿಯಿತು. ಇಳಿದು, ಸುರುಳಿಯಾಗಿ, ಹೊಗೆಯಂತೆ ಅರಳಿ, ಬಸಿಯ ನೀರನ್ನೆಲ್ಲ ಸಂಜೆ ಮಾಡಿತು.

ಗೊತ್ತಪ್ಪನವರು ಒಂದು ಬೆರಳು ಅದ್ದಿ ನೋಡಿಕೊಂಡರು.

ಸೋಮವಾರ ಕಚೇರಿಯ ಮುಂದೆ ತಾಯಂದಿರ ಗುಂಪೇ ಸೇರಿತ್ತು. ಮೇಲಿನವರು ಬಂದು ಹೊಸ ಚಾವಣಿಯನ್ನು ಕತ್ತೆತ್ತಿ ನೋಡಿ ಮೆಚ್ಚಿದರು. ಮೆಕ್ಯಾನಿಕ್ ನಾಲ್ಕೂ ಕಾರ್ಟ್ರಿಜ್ ಕೂರಿಸಿ, ಖಾಲಿ ಹಾಳೆಗಳ ಮೇಲೆ ಎರಡು ಸಲ ಬಣ್ಣ ಓಡಿಸಿದ. ಮೂರನೆಯದು ನಿಜವಾದ ಪ್ರಮಾಣಪತ್ರ. ಚಾವಣಿ ಸೋರಿದ ವಾರ ಹುಟ್ಟಿದ ಹೆಣ್ಣುಮಗುವಿನದು. ಕಾಗದ ಒಂದೊಂದೇ ಅಂಗುಲ ಹೊರಬಂತು. ಹೆಸರು ಬಂತು. ದಿನಾಂಕ ಬಂತು. ಗೊತ್ತಪ್ಪನವರು ಕಣ್ಣು ಮುಚ್ಚಿಕೊಂಡರು. "ಬಂತು," ಎಂದರು ಮೇಡಂ. ಕೆಳಗೆ, ಮೂಲೆಯಲ್ಲಿ, ಚಿನ್ನದಂಥ ದುಂಡು ಹಳದಿ ಮುದ್ರೆ. ನಾಲ್ಕು ತಿಂಗಳ ಮಗು ಅಧಿಕೃತವಾಗಿ ಹುಟ್ಟಿ, ತಾಯಿಯ ಕಿವಿಯೋಲೆ ಹಿಡಿದು ಎಳೆಯಿತು.

ಮೆಕ್ಯಾನಿಕ್ ಮುದ್ರೆಯನ್ನು ಹತ್ತಿರದಿಂದ ನೋಡಿ ಹುಬ್ಬೇರಿಸಿದ. "ಹಳದಿ ಮೊಂಡು ಬಣ್ಣ ಸಾರ್. ಒಣಗಿರುತ್ತೆ ಅಂತಲೇ ನಾನು ಬೇರೆ ತಂದಿದ್ದೆ. ಏನ್ ಮಾಡಿದ್ರಿ?"

"ಒಣಗಿತ್ತು," ಎಂದರು ಗೊತ್ತಪ್ಪನವರು. "ಏನ್ ಮಾಡ್ಬೇಕೋ ನಂಗೆ ಗೊತ್ತಿರಲಿಲ್ಲ. ಪಕ್ಕದ ಮನೆ ಮೇಷ್ಟ್ರು ಸರಿ ಮಾಡಿದ್ರು."

ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ತಮ್ಮ ಎರಡನೇ ಗುಮಾಸ್ತರನ್ನು ಹೊಸಬರನ್ನು ನೋಡುವಂತೆ ನೋಡಿದರು. ಬೇರೇನೂ ಆಗಲಿಲ್ಲ. ಸಾಲಿನಲ್ಲಿದ್ದ ಎರಡನೇ ತಾಯಿ "ನಮ್ಮದು?" ಎಂದಳು. ಕೆಲಸ ಮುಂದುವರಿಯಿತು.

ಅರ್ಧ ದಿನ ರಜೆ ಹಾಕಿ ಗೊತ್ತಪ್ಪನವರು ಮನೆಗೆ ಹೊರಟರು. ಒಮ್ಮೆ ಹೇಳಿದ ಬಾಯಿಗೆ ಈಗ ಧೈರ್ಯ ಬಂದಿತ್ತು. ಇಡೀ ಬೀದಿಗೆ ಹೇಳಿಬಿಡುವುದೆಂದು ನಿರ್ಧರಿಸಿ ಮೊದಲು ಟೈಲರಮ್ಮನ ಕಿಟಕಿ ತಟ್ಟಿದರು.

"ಅಮ್ಮಾ, ಆ ವಿಧಾನ ಇದೆಯಲ್ಲ, ಅದು ಪ್ರಿಂಟರ್ ಇಂಕಿಗೆ ಹೇಳಿದ್ದು. ಮನುಷ್ಯರಿಗಲ್ಲ."

ಟೈಲರಮ್ಮ ಅರೆಗಣ್ಣಿನಲ್ಲಿ ನೋಡಿದರು. "ಇಂಕಿಗೂ ಹೇಳಿದ್ರಾ? ಒಳ್ಳೇದಾಯ್ತು ಬಿಡಿ ಅಣ್ಣಾ, ಅದೂ ಮಲಗ್ಲಿ. ಎರಡಾಯ್ತು, ಏನಿದ್ರೂ ನಾಲ್ಕಕ್ಕೆ." ಕಿಟಕಿ ಮುಚ್ಚಿತು.

ಪಕ್ಕದ ಕಿಟಕಿಯೂ ಮುಚ್ಚಿತ್ತು. ಅದರಾಚೆಯದೂ. ಗೊತ್ತಪ್ಪನವರು ಬೀದಿಯ ತುದಿಯವರೆಗೆ ನಡೆದು ಹಿಂದಿರುಗಿದರು. ಅವರ ಹೆಜ್ಜೆಯ ಸದ್ದು ಅವರಿಗೇ ಜಾಸ್ತಿಯೆನಿಸಿ, ಅರ್ಧ ದಾರಿಯಲ್ಲಿ ಚಪ್ಪಲಿ ಕೈಗೆ ತೆಗೆದುಕೊಂಡರು.

"ಹೇಳಿದ್ರಾ?" ಎಂದರು ಹೆಂಡತಿ.

"ಕೇಳೋರು ಒಬ್ಬರೂ ಎಚ್ಚರ ಇಲ್ಲ."

"ನಾಲ್ಕಕ್ಕೆ ಹೇಳೋರಂತೆ. ಕೂತ್ಕೊಳ್ಳಿ."

ಗೊತ್ತಪ್ಪನವರು ಮುಂಬಾಗಿಲ ಮೆಟ್ಟಿಲ ಮೇಲೆ, ಕಂಬಕ್ಕೆ ಒರಗಿ ಕೂತರು. ನಾಲ್ಕಕ್ಕೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸತೊಡಗಿದರು. ಮೊದಲು ಫೋನು, ಆಮೇಲೆ ಗೋಡೆ, ಆಮೇಲೆ... ಎದುರಿನ ತಂತಿಯ ಮೇಲೆ ಒಂದು ಬಿಳಿ ಬಟ್ಟೆ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು.

ನಾಲ್ಕಕ್ಕೆ ಕಿಟಕಿಗಳು ತೆರೆದವು. ಟೈಲರಮ್ಮ, ಅವರ ಗಂಡ, ಅತ್ತೆ ಸೊಸೆ, ಕೊನೆಯಲ್ಲಿ ಮೇಷ್ಟ್ರು, ಎಲ್ಲರೂ ಏನೋ ಹೇಳುತ್ತಾರಂತೆ ಎಂದು ಬಂದು ಮೆಟ್ಟಿಲ ಮುಂದೆ ಸೇರಿದರು. ಗೊತ್ತಪ್ಪನವರು ಕಂಬದಿಂದ ಒಂದು ಮಗ್ಗುಲಿಗೆ ಜಾರಿ, ಬಾಯಿ ಅಗಲವಾಗಿ ತೆರೆದು, ಮುಖದ ತುಂಬ ಬಿಸಿಲು ಬೀಳಿಸಿಕೊಂಡು ಮಲಗಿದ್ದರು.

"ಎಬ್ಬಿಸೋಣ್ವಾ?" ಎಂದರು ಟೈಲರಮ್ಮ.

ಹೆಂಡತಿ ಪುಸ್ತಕದ ಬೆನ್ನಿನಲ್ಲಿದ್ದ ಸೂಜಿಯನ್ನು ಅಲ್ಲೇ ನಿಲ್ಲಿಸಿ ತಲೆಯೆತ್ತಿದರು. "ಬೇಡ, ಮೆಲ್ಲಗೆ ಮಾತಾಡಿ. ನಿಮ್ಮನ್ನೆಲ್ಲ ಮಲಗಿಸಿ ಈ ಮನುಷ್ಯ ನಾಲ್ಕು ತಿಂಗಳಿಂದ ಕಣ್ಣು ಮುಚ್ಚಿಲ್ಲ."

ಟೈಲರಮ್ಮನ ಗಂಡ ಒಂದು ಕೊಡೆ ತಂದು ಬಿಚ್ಚಿ, ಬಿಸಿಲಿಗೆ ಅಡ್ಡವಾಗಿ ಹಿಡಿದು ನಿಂತರು. ಮೇಷ್ಟ್ರು ಕೆಳಗಿನ ಮೆಟ್ಟಿಲಲ್ಲಿ ಕೂತು, ತೊಡೆಯ ಮೇಲೆ ಹಾಳೆ ಹರಡಿಕೊಂಡು, ಮಲಗಿದವರ ಚಿತ್ರವನ್ನು ಕಿವಿಯಿಂದ ಶುರುಮಾಡಿದರು.